ಗಂಟೆ ಕೇಳೋಕೆ ಹೋದವರು ಗೋಪುರದ ಬುಡದಲ್ಲಿ ನಿಲ್ಲಬೇಡಿ

ಬೆಲ್ಜಿಯಂ ಕಡೆ ಮಕ್ಕಳಿದ್ದು, ನೀವೂ ಅಲ್ಲಿಗೆ ಹೋಗುವುದಿದ್ದರೆ ಒಂದು ಸೋಮವಾರ ಖಾಲಿ ಇಟ್ಟುಕೊಳ್ಳಿ. ಬೇಸಿಗೆಯ ಸೋಮವಾರ. ಅಲ್ಲಿಯ ಬೇಸಿಗೆ ಅಂದರೆ ನಮ್ಮ ಮಳೆಗಾಲ, ಜೂನ್‌ನಿಂದ ಸೆಪ್ಟೆಂಬರ್ ನಡುಭಾಗದವರೆಗೆ. ಮಧ್ಯಾಹ್ನ ಮೆಖೆಲೆನ್ ಊರಿನ ಸೇಂಟ್ ರೊಂಬೌಟ್ ಗೋಪುರ ಹತ್ತಿ. ಸಂಜೆ ಅದೇ ಗೋಪುರದಿಂದ ಸ್ವಲ್ಪ ದೂರ ಹೋಗಿ, ಕೂತು, ಗೋಪುರದ ಗಂಟೆಗಳಲ್ಲೇ ಹಾಡು ನುಡಿಸುವ ಕಛೇರಿ ಕೇಳಿ. ಇದೇ ಕ್ರಮದಲ್ಲಿ ಮಾಡಿ. ನಾನು ಮೊದಲ ಸಲ ಉಲ್ಟಾ ಹೊರಟು ಎರಡನ್ನೂ ಕೆಡಿಸಿಕೊಂಡೆ.

ನಾನು ದಾವಣಗೆರೆಯವನು. ಹತ್ತಿ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದೆ. ಮಿಲ್ಲು ಮುಚ್ಚಿದ ಮೇಲೆ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡು ಜೀವನ ಸಾಗಿಸಿದೆ. ಸಂಗೀತ ನನಗೆ ಬರುವುದಿಲ್ಲ. ಅದರ ಮೇಲೆ ಲೂಮ್ ಶೆಡ್ಡಿನ ಸದ್ದಿಗೆ ಕಿವಿ ಬೇರೆ ಅರ್ಧ ಹೋಗಿದೆ. ದಪ್ಪ ಸದ್ದು ಕೇಳಿಸುತ್ತದೆ, ಸಣ್ಣ ಸದ್ದು ಕೇಳಿಸುವುದಿಲ್ಲ. ಗಡಿಯಾರದ ಅಲಾರಂ ಹೊಡೆದರೆ ನಮ್ಮನೆಯವಳು ಎದ್ದು ನನ್ನನ್ನು ಎಬ್ಬಿಸಬೇಕು. ಇಂಥವನು ಗಂಟೆ ಕೇಳುವ ಬಗ್ಗೆ ಸಲಹೆ ಕೊಡುವುದು ತಮಾಷೆ ಅನ್ನಿಸಬಹುದು. ಆದರೆ ಎಲ್ಲಿ ಕೂತರೆ ಕೇಳುತ್ತದೆ, ಎಲ್ಲಿ ಕೂತರೆ ಕೇಳುವುದಿಲ್ಲ ಅನ್ನುವುದನ್ನು ಅರ್ಧ ಕಿವಿಯವನೇ ಚೆನ್ನಾಗಿ ಹೇಳಬಲ್ಲ, ಅಲ್ವಾ?

ಮಗಳು ಅಳಿಯ ಲೂವೆನ್‌ನಲ್ಲಿದ್ದಾರೆ. ಎರಡು ತಿಂಗಳು ಅಲ್ಲಿ ಇದ್ದು ಬಂದೆವು. "ಅಪ್ಪಾಜಿ, ನಿಮಗೆ ಮಷೀನು ಅಂದ್ರೆ ಇಷ್ಟ, ಮೆಖೆಲೆನ್‌ಗೆ ಹೋಗಿ" ಅಂತ ಮಗಳು ಹೇಳಿದಾಗ ನಾನು ಯಾವುದೋ ಫ್ಯಾಕ್ಟರಿ ಅಂದುಕೊಂಡಿದ್ದೆ. ನೋಡಿದರೆ ಚರ್ಚು.

ಅಲ್ಲಿರುವುದು ಏನು

ನಮ್ಮಲ್ಲಿ ಗಂಟೆ ಅಂದರೆ ದುಗ್ಗಮ್ಮನ ಗುಡಿಯ ಗಂಟೆ. ಕೈ ಎತ್ತಿ ನಾಲಿಗೆ ಎಳೆದು ಹೊಡೆಯುತ್ತೇವೆ, ಒಂದು ಸ್ವರ ಬರುತ್ತದೆ, ಮುಗಿಯಿತು. ಊರಿಗೆಲ್ಲ ಹೊತ್ತು ಹೇಳುವ ಸದ್ದು ಅಂದರೆ ನನ್ನ ಕಾಲದಲ್ಲಿ ಮಿಲ್ಲಿನ ಸೈರನ್. ಸೈರನ್ ಕೇಳಿ ಅನ್ನಕ್ಕೆ ಇಡುವ ಹೆಂಗಸರಿದ್ದರು. ಬೆಲ್ಜಿಯಂ, ಹಾಲೆಂಡ್ ಕಡೆ ಆ ಕೆಲಸವನ್ನು ಊರ ನಡುವಿನ ಗೋಪುರದ ಗಂಟೆ ಮಾಡುತ್ತಿತ್ತು. ಗಂಟೆ ಹೊಡೆಯುವ ಮೊದಲು ಜನರನ್ನು ಎಚ್ಚರಿಸಲು ಒಂದೆರಡು ಸಣ್ಣ ಗಂಟೆ ಬಾರಿಸುತ್ತಿದ್ದರು. ಆಮೇಲೆ ಅದಕ್ಕೆ ಇನ್ನೊಂದು, ಮತ್ತೊಂದು ಸೇರಿಸುತ್ತಾ ಹೋಗಿ ಪೂರಾ ಹಾಡೇ ನುಡಿಸುವಷ್ಟು ಗಂಟೆಗಳಾದವು. ಅದೇ ಕ್ಯಾರಿಲಾನ್. ಅಲ್ಲಿಯವರ ಮಾತಿನಲ್ಲಿ ಬೇಯಾರ್ಡ್. ಕಡಿಮೆ ಅಂದರೂ 23 ಕಂಚಿನ ಗಂಟೆ ಇದ್ದರೆ ಮಾತ್ರ ಕ್ಯಾರಿಲಾನ್ ಅನ್ನುತ್ತಾರೆ. ಮೆಖೆಲೆನ್ ಗೋಪುರದಲ್ಲಿ ಎರಡು ಕ್ಯಾರಿಲಾನ್ ಇವೆ, ಒಂದೊಂದರಲ್ಲೂ 49 ಗಂಟೆ. ಒಂದು ಹಳೆಯದು. ಇನ್ನೊಂದು 1981ರಲ್ಲಿ ಬಂದ ಹೊಸದು.

ನುಡಿಸುವ ಏರ್ಪಾಟನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇದು ಗೊತ್ತಿದ್ದರೆ ಮೇಲೆ ಹತ್ತಿದಾಗ ಏನು ನೋಡಬೇಕು ಅಂತ ತಿಳಿಯುತ್ತದೆ. ಇಲ್ಲದಿದ್ದರೆ ತಂತಿ, ಕಬ್ಬಿಣ, ಧೂಳು, ಅಷ್ಟೇ.

ನುಡಿಸುವವರು ಬೆಂಚಿನ ಮೇಲೆ ಕೂರುತ್ತಾರೆ. ಮುಂದೆ ಎರಡು ಸಾಲು ಮರದ ಹಿಡಿಗಳು, ನೋಡೋಕೆ ಲಟ್ಟಣಿಗೆಯ ಹಿಡಿಯ ಹಾಗೆ. ಬೆರಳಲ್ಲಿ ಒತ್ತುವುದಿಲ್ಲ. ಕೈಯನ್ನು ಸಡಿಲವಾಗಿ ಮುಷ್ಟಿ ಮಾಡಿ, ಕಿರುಬೆರಳಿನ ಪಕ್ಕದಿಂದ ಹಿಡಿಯನ್ನು ಕೆಳಗೆ ತಳ್ಳುತ್ತಾರೆ. ದೊಡ್ಡ ಗಂಟೆಗಳಿಗೆ ಕೆಳಗೆ ಕಾಲಿನ ಪೆಡಲ್ ಇದೆ. ಕೈ ಕಾಲು ಎರಡೂ ಏಕಕಾಲಕ್ಕೆ ಓಡುತ್ತವೆ. ನನಗಂತೂ ಕೈಮಗ್ಗದಲ್ಲಿ ಕೂತ ನೇಕಾರರೇ ನೆನಪಾದರು. ಹಿಡಿ ಕೆಳಗೆ ಹೋದರೆ ಅದಕ್ಕೆ ಕಟ್ಟಿದ ಉಕ್ಕಿನ ತಂತಿ ಎಳೆಯುತ್ತದೆ. ತಂತಿ ಮೇಲಿನ ಒಂದು ಲಿವರ್ ತಿರುಗಿಸುತ್ತದೆ. ಲಿವರ್ ಗಂಟೆಯ ನಾಲಿಗೆಯನ್ನು ಒಳಗಿನ ಅಂಚಿಗೆ ಹೊಡೆಸುತ್ತದೆ. ಗಂಟೆ ಅಲ್ಲಾಡುವುದಿಲ್ಲ, ತೊಲೆಗೆ ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಕರೆಂಟು ಇಲ್ಲ, ಗಾಳಿ ಒತ್ತಡ ಇಲ್ಲ. ಮೆಲ್ಲಗೆ ತಳ್ಳಿದರೆ ಮೆಲ್ಲಗೆ, ಜೋರಾಗಿ ತಳ್ಳಿದರೆ ಜೋರಾಗಿ. ನುಡಿಸುವವರ ತೋಳಿನ ಬಲವೇ ನಾಲಿಗೆಯವರೆಗೂ ಹೋಗುತ್ತದೆ.

ಇಲ್ಲೊಂದು ಸೂಕ್ಷ್ಮ ಇದೆ. ಬಿಸಿಲಿಗೆ ತಂತಿ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಹಾಗಾಗಿ ನುಡಿಸುವ ಮೊದಲು ಪ್ರತಿ ತಂತಿಯ ಸ್ಕ್ರೂ ತಿರುಗಿಸಿ ಸರಿ ಮಾಡಿಕೊಳ್ಳಬೇಕು. ಹಿಡಿಯ ಮೇಲ್ಗಡೆ ತಂತಿಯಲ್ಲಿ ಆ ಸ್ಕ್ರೂ ಇರುತ್ತದೆ, ನೋಡಿ. ನಾನು ಅದನ್ನು ನೋಡುತ್ತಾ ನಿಂತು ಹಿಂದಿನವರಿಗೆಲ್ಲ ದಾರಿ ಅಡ್ಡ ಮಾಡಿದ್ದೆ.

ಗಂಟೆಗೆ ಶ್ರುತಿ ಮಾಡುವುದು ಇನ್ನೂ ಚಂದ. ಎರಕ ಹೊಯ್ದ ಗಂಟೆಯನ್ನು ತಲೆಕೆಳಗಾಗಿ ಲೇತ್ ಥರದ ಯಂತ್ರಕ್ಕೆ ಹಾಕಿ, ಒಳಗಿನಿಂದ ಕಂಚನ್ನು ಒಂದಿಷ್ಟೊಂದಿಷ್ಟೇ ಹೆರೆದು ತೆಗೆಯುತ್ತಾರೆ. ಜಾಸ್ತಿ ಹೆರೆದರೆ ಮತ್ತೆ ಅಂಟಿಸೋಕೆ ಆಗುವುದಿಲ್ಲ, ಗಂಟೆ ಗುಜರಿಗೆ. ಫಿಟ್ಟರ್ ಆದವನಿಗೆ ಈ ಭಯ ಚೆನ್ನಾಗಿ ಗೊತ್ತು. ಹೆಮೊನಿ ಅಂತ ಅಣ್ಣತಮ್ಮ, ಫ್ರಾನ್ಸ್ವಾ ಮತ್ತು ಪೀಟರ್, 1644ರಲ್ಲಿ ಹಾಲೆಂಡಿನ ಜುಟ್ಫೆನ್ ಊರಿಗೆ ಮೊದಲ ಸಲ ಸರಿಯಾಗಿ ಶ್ರುತಿ ಕೂಡಿಸಿದ ಕ್ಯಾರಿಲಾನ್ ಮಾಡಿಕೊಟ್ಟರು. ಅವರ ಮನೆತನದ ಗಂಟೆಗಳು ಮೆಖೆಲೆನ್‌ನ ಹಳೆ ಕ್ಯಾರಿಲಾನ್‌ನಲ್ಲೂ ಇವೆ.

ಹೊರಡುವ ಮೊದಲು

ವೀಸಾದ ಬಗ್ಗೆ ನಾನು ಉದ್ದ ಬರೆಯುವುದಿಲ್ಲ, ಅದನ್ನು ಮಕ್ಕಳೇ ಮಾಡಿಸುತ್ತಾರೆ. ಷೆಂಗೆನ್ ಪ್ರವಾಸಿ ವೀಸಾದಲ್ಲಿ 180 ದಿನದೊಳಗೆ 90 ದಿನ ಇರಬಹುದು, ಅಷ್ಟು ಸಾಕು. ನಾನು ಹೇಳಬೇಕಾದದ್ದು ಕಾಲಿನ ಬಗ್ಗೆ.

ಆ ಗೋಪುರಕ್ಕೆ 538 ಮೆಟ್ಟಿಲು. ಲಿಫ್ಟ್ ಇಲ್ಲ. ಕಲ್ಲಿನ ಸುರುಳಿ ಮೆಟ್ಟಿಲು, ಸಣ್ಣ ದಾರಿ, ಎದುರಿಗೆ ಇಳಿಯುವವರು ಬಂದರೆ ಗೋಡೆಗೆ ಒರಗಿ ನಿಲ್ಲಬೇಕು. ಎತ್ತರ 97 ಮೀಟರ್. ಹೊರಡುವ ತಿಂಗಳ ಮೊದಲು ಎರಡು ಭಾನುವಾರ ಚಿತ್ರದುರ್ಗಕ್ಕೆ ಹೋಗಿ ಕೋಟೆ ಹತ್ತಿ. ಸುಮ್ನೆ ಓಬವ್ವನ ಕಿಂಡಿ ನೋಡಿ ವಾಪಸ್ ಬರಬೇಡಿ, ಮೇಲಿನವರೆಗೆ ಹೋಗಿ. ನಮ್ಮ ಊರಿನಿಂದ ಹತ್ತಿರ ಹತ್ತಿರ 60 ಕಿಲೋಮೀಟರ್, ಬೆಳಿಗ್ಗೆ ಹೋಗಿ ಊಟದ ಹೊತ್ತಿಗೆ ಬರಬಹುದು. ಕೋಟೆ ಹತ್ತುವಾಗ ಮೊಣಕಾಲು ಏನನ್ನುತ್ತದೋ ಅದನ್ನೇ ಗೋಪುರದಲ್ಲೂ ಅನ್ನುತ್ತದೆ. ಒಂದೇ ವ್ಯತ್ಯಾಸ. ಕೋಟೆಯಲ್ಲಿ ಗಾಳಿ ಇದೆ, ಬಂಡೆ ಮೇಲೆ ಕೂರಬಹುದು. ಗೋಪುರದೊಳಗೆ ತಿರುಗಿ ತಿರುಗಿ ಹತ್ತುವಾಗ ತಲೆ ಸುತ್ತುತ್ತದೆ. ಅದಕ್ಕೆ ಮದ್ದು, ಮೆಟ್ಟಿಲಿನ ಹೊರ ಅಂಚಿನಲ್ಲಿ, ಅಂದರೆ ಅಗಲ ಇರುವ ಕಡೆ ಕಾಲಿಟ್ಟು ಹತ್ತುವುದು. ಹೃದಯದ ತೊಂದರೆ, ಇಕ್ಕಟ್ಟಿನ ಭಯ ಇದ್ದವರು ಹತ್ತಲೇಬೇಡಿ. ಸಂಜೆಯ ಕಛೇರಿಗೆ ಒಂದು ಮೆಟ್ಟಿಲೂ ಹತ್ತಬೇಕಾಗಿಲ್ಲ.

ಬೂಟು ಹಾಕಿ. ಮನೆಯವರು ಸೀರೆ ಉಟ್ಟು ಹತ್ತುತ್ತೇನೆ ಅಂದರೆ ಬೇಡ ಅನ್ನಿ. ನಮ್ಮನೆಯವಳು ಕೇಳಲಿಲ್ಲ. ಎರಡನೇ ಕೋಣೆಗೆ ಬಂದು, "ರೀ, ನೀವು ಹೋಗಿ ಬನ್ನಿ, ನಾನು ಇಷ್ಟೇ ನೋಡಿದ್ದು ಸಾಕು" ಅಂತ ನೆರಿಗೆ ಎತ್ತಿ ಹಿಡಿದುಕೊಂಡು ಇಳಿದು ಹೋದಳು.

ಊರು ಸೇರುವುದು

ಬ್ರಸೆಲ್ಸ್ ವಿಮಾನ ನಿಲ್ದಾಣದಿಂದ ಮೆಖೆಲೆನ್‌ಗೆ ನೇರ ರೈಲಿದೆ, ಕಾಲು ಗಂಟೆ ದಾರಿ. ಲೂವೆನ್‌ನಿಂದಲೂ ನೇರ ರೈಲಿದೆ, ಅರ್ಧ ಗಂಟೆ ಇಟ್ಟುಕೊಳ್ಳಿ. ಇಲ್ಲೊಂದು ಎಚ್ಚರಿಕೆ. ಆ ದೇಶದಲ್ಲಿ ಒಂದೇ ಊರಿಗೆ ಎರಡು ಹೆಸರು. ಮೆಖೆಲೆನ್‌ಗೆ ಫ್ರೆಂಚಿನಲ್ಲಿ ಮಲೀನ್. ಲೂವೆನ್‌ಗೆ ಲೂವಾಂ. ಬ್ರಸೆಲ್ಸ್ ಸ್ಟೇಷನ್ನಿನ ಬೋರ್ಡಿನಲ್ಲಿ ಎರಡು ಹೆಸರೂ ಬರುತ್ತವೆ. ಒಂದು ದಿನ ನಾನು ಬ್ರಸೆಲ್ಸ್ ನೋಡಿಕೊಂಡು ಅಲ್ಲಿಂದ ಹೊರಟೆ. 'ಮಲೀನ್' ಅಂತ ಬೋರ್ಡು ನೋಡುತ್ತಾ, ಇದು ನಮ್ಮ ರೈಲಲ್ಲ ಅಂತ ಎರಡು ರೈಲು ಬಿಟ್ಟು ಕೂತಿದ್ದೆ. ಹರಿಹರದ ಗಾಡಿಯನ್ನು ಇನ್ನೊಂದು ಹೆಸರಲ್ಲಿ ಕೂಗಿದರೆ ನಾವು ಹತ್ತುತ್ತೇವಾ?

ಸ್ಟೇಷನ್ನಿನಿಂದ ಊರ ನಡುವಿನ ಮಾರ್ಕೆಟ್ ಚೌಕಕ್ಕೆ ಕಾಲ್ನಡಿಗೆ, ಇಪ್ಪತ್ತು ನಿಮಿಷದೊಳಗೆ. ದಾರಿ ಕೇಳುವ ಅಗತ್ಯ ಇಲ್ಲ. ಗೋಪುರ ಕಾಣುತ್ತಲೇ ಇರುತ್ತದೆ. ಮೇಲ್ಗಡೆ ಚೂಪು ಇಲ್ಲ, ಚಪ್ಪಟೆ ತಲೆ, ಯಾರೋ ಕತ್ತರಿಸಿಟ್ಟ ಹಾಗೆ. ನಿಜಕ್ಕೂ ಅದು ಪೂರ್ತಿ ಆಗದ ಗೋಪುರ. 1452ರಲ್ಲಿ ಶುರು ಮಾಡಿದರು, 167 ಮೀಟರ್ ಏರಿಸಬೇಕು ಅಂತ ಅಂದಾಜಿತ್ತು ಅನ್ನುತ್ತಾರೆ. 1520ರ ಆಸುಪಾಸಿಗೆ ಕೆಲಸ ನಿಂತಿತು. ದುಡ್ಡು ಸಾಲದೆ ಅರ್ಧಕ್ಕೆ ನಿಂತ ಮನೆಗಳು ನಮ್ಮ ಬಡಾವಣೆಯಲ್ಲೂ ಇವೆ. ಆದರೆ ಅವನ್ನು ಯುನೆಸ್ಕೋ ಪಟ್ಟಿಗೆ ಸೇರಿಸಿಲ್ಲ. ಇದನ್ನು 1999ರಲ್ಲಿ ಬೆಲ್ಜಿಯಂನ ಬೇರೆ ಗಂಟೆ ಗೋಪುರಗಳ ಜೊತೆ ಸೇರಿಸಿದ್ದಾರೆ.

ಹತ್ತುವುದು

ಟಿಕೆಟ್ಟನ್ನು ಆನ್‌ಲೈನ್‌ನಲ್ಲಿ ತೆಗೆದುಕೊಂಡು ಹೋಗುವುದು ಒಳ್ಳೆಯದು. ತೆರೆಯುವ ಹೊತ್ತು ದಿನಕ್ಕೆ ತಕ್ಕಂತೆ ಬದಲಾಗುತ್ತದೆ, ಹಿಂದಿನ ದಿನ ಮಗಳಿಗೆ ಹೇಳಿ ನೋಡಿಸಿಬಿಡಿ. ಸಂಜೆ ಹೋಗಿ ಹತ್ತುತ್ತೇನೆ ಅಂದುಕೊಳ್ಳಬೇಡಿ. ನಾನು ಮೊದಲ ಸಲ ಕಛೇರಿ ನಡೆಯುವಾಗಲೇ ಮೇಲೆ ಹತ್ತಿ ಹತ್ತಿರದಿಂದ ಕೇಳಬಹುದು ಅಂದುಕೊಂಡು ಎಂಟು ಗಂಟೆಗೆ ಹೋಗಿ ನಿಂತೆ. ಬಾಗಿಲು ಯಾವಾಗಲೋ ಹಾಕಿತ್ತು.

ಒಂದೇ ಉಸಿರಿಗೆ 538 ಹತ್ತಬೇಕಾಗಿಲ್ಲ. ನಡುನಡುವೆ ಕೋಣೆಗಳಿವೆ, ಪ್ರತಿಯೊಂದರಲ್ಲೂ ನಿಂತು ನೋಡಲು ಏನಾದರೂ ಇದೆ. ನೀರಿನ ಬಾಟಲಿ ಇಟ್ಟುಕೊಳ್ಳಿ, ಬಾತ್‌ರೂಮ್ ಕೆಲಸ ಕೆಳಗೇ ಮುಗಿಸಿ.

ಮೊದಲು ಬರುವುದು ಕ್ರೇನ್ ಕೋಣೆ. ನನಗೆ ಇಡೀ ಗೋಪುರದಲ್ಲಿ ಬಹಳ ಹಿಡಿಸಿದ್ದು ಇದೇ. ಮರದ ದೊಡ್ಡ ಚಕ್ರ, ಅದರೊಳಗೆ ಮನುಷ್ಯರು ನಡೆಯುತ್ತಿದ್ದರು. ನಡೆದ ಹಾಗೆ ಚಕ್ರ ತಿರುಗಿ, ಹಗ್ಗ ಸುತ್ತಿಕೊಂಡು, ಕೆಳಗಿನಿಂದ ಕಲ್ಲು, ಗಂಟೆ ಮೇಲೆ ಬರುತ್ತಿದ್ದವು. ಟನ್‌ಗಟ್ಟಲೆ ಕಂಚನ್ನು ನಾಲ್ಕು ಜನರ ಕಾಲು ಎತ್ತುತ್ತದೆ ಅಂದರೆ ಲೆಕ್ಕ ಹಾಕಿ ನೋಡಿ. ಚಕ್ರದ ಅಗಲಕ್ಕೂ ಅಚ್ಚಿನ ದಪ್ಪಕ್ಕೂ ಇರುವ ಅನುಪಾತವೇ ಎಲ್ಲ ಕೆಲಸ ಮಾಡುತ್ತದೆ. ಮಿಲ್ಲಿನಲ್ಲಿ ಚೈನ್ ಬ್ಲಾಕ್ ಕೆಟ್ಟ ದಿನ ನಾವೂ ಹಗ್ಗ, ರಾಟೆ ಕಟ್ಟಿ ಮೋಟಾರ್ ಇಳಿಸಿದ್ದುಂಟು.

ಆಮೇಲೆ ಕುಲುಮೆ ಕೋಣೆ. ಗಂಟೆಗೆ ಬೇಕಾದ ಕಬ್ಬಿಣದ ಸಾಮಾನು ಮೇಲೇ ಕಾಯಿಸಿ ಬಡಿಯುತ್ತಿದ್ದರಂತೆ. ಒಂದು ಕೊಂಡಿ ಮುರಿದರೆ ಯಾರು ಇಳಿದು ಹತ್ತುತ್ತಾರೆ? ಅದರ ಮೇಲೆ ದೊಡ್ಡ ಗಂಟೆಗಳ ಕೋಣೆ. ಇವು ತೂಗಾಡುವ ಗಂಟೆ, ಕ್ಯಾರಿಲಾನ್ ಅಲ್ಲ. ಎಲ್ಲಕ್ಕೂ ದೊಡ್ಡದರ ಹೆಸರು ಸಾಲ್ವಾಟೋರ್, ತೂಕ 8 ಟನ್‌ಗಿಂತ ಜಾಸ್ತಿ. ಮುಂದೆ ಹಳೆ ಕ್ಯಾರಿಲಾನ್, ಗಡಿಯಾರದ ಕೋಣೆ, ಹೊಸ ಕ್ಯಾರಿಲಾನ್. ಗಡಿಯಾರದ ಜೊತೆ ತಾನಾಗಿ ನುಡಿಯುವ ಲೋಹದ ದೊಡ್ಡ ಉರುಳೆ ನೋಡಲು ಮರೆಯಬೇಡಿ. ಉರುಳೆಯ ತುಂಬ ತೂತು, ತೂತಿಗೆ ಮೊಳೆ. ಉರುಳೆ ತಿರುಗಿದಾಗ ಮೊಳೆ ಒಂದು ಲಿವರ್ ಎತ್ತುತ್ತದೆ, ಅದು ತಂತಿ ಎಳೆಯುತ್ತದೆ. ಹಾಡು ಬದಲಿಸಬೇಕಾದರೆ ಮೊಳೆ ಕಿತ್ತು ಬೇರೆ ತೂತಿಗೆ ಹಾಕಬೇಕು. ನಮ್ಮ ಜಕಾರ್ಡ್ ಮಗ್ಗದ ತೂತಿನ ಕಾರ್ಡು ಇದ್ದ ಹಾಗೆಯೇ. ಅಲ್ಲಿ ಬಟ್ಟೆಯಲ್ಲಿ ಹೂ ಬೀಳುತ್ತದೆ, ಇಲ್ಲಿ ಗಾಳಿಯಲ್ಲಿ ಹಾಡು.

ನೀವು ಮೇಲಿರುವಾಗಲೇ ಗಂಟೆ ತಾನಾಗಿ ಹೊಡೆದುಬಿಡಬಹುದು. ಪಕ್ಕದಲ್ಲೇ ಹೊಡೆದರೆ ಎದೆ ಝಲ್ ಅನ್ನುತ್ತದೆ. ಚಿಕ್ಕ ಮಕ್ಕಳಿದ್ದರೆ ಕಿವಿಗೆ ಹತ್ತಿ ಇಡಿ, ಅಥವಾ ಕೈಯಾದರೂ ಮುಚ್ಚಿಕೊಳ್ಳಲು ಹೇಳಿ. ಇದನ್ನು ಹೇಳುವಾಗ ನನಗೇ ನಗು ಬರುತ್ತದೆ. ಇಡೀ ಮಿಲ್ಲಿನ ತುಂಬ ಹತ್ತಿ ಇತ್ತು, ಒಂದು ದಿನವೂ ಒಂದು ಚೂರು ಕಿವಿಗೆ ಇಟ್ಟುಕೊಳ್ಳಲಿಲ್ಲ.

ಕೊನೆಗೆ ತಲೆ ಮೇಲಿನ ಗಾಜಿನ ಕಟ್ಟೆ, ಸ್ಕೈವಾಕ್ ಅನ್ನುತ್ತಾರೆ. ಆಕಾಶ ಶುಭ್ರವಾಗಿದ್ದರೆ ಒಂದು ಕಡೆ ಬ್ರಸೆಲ್ಸ್‌ನ ಅಟೋಮಿಯಂ ಅನ್ನುವ ದೊಡ್ಡ ಗುಂಡುಗಳ ಕಟ್ಟಡ, ಇನ್ನೊಂದು ಕಡೆ ಆಂಟ್ವೆರ್ಪ್ ಕಾಣುತ್ತದೆ. ಇಳಿಯುವಾಗ ಅವಸರ ಮಾಡಬೇಡಿ. ಮೊಣಕಾಲು ನೋಯುವುದು ಹತ್ತುವಾಗ ಅಲ್ಲ, ಇಳಿಯುವಾಗ.

ನಡುವೆ ಒಂದು ಕಥೆ

ಇಳಿದ ಮೇಲೆ ಚೌಕದಲ್ಲಿ ಕಾಫಿ ಕುಡಿಯುತ್ತಾ ಈ ಕಥೆ ನೆನಪಿಸಿಕೊಳ್ಳಿ. 1687ರ ಜನವರಿಯ ಒಂದು ರಾತ್ರಿ, ಕುಡಿದು ಹೊರಬಂದ ಒಬ್ಬನಿಗೆ ಗೋಪುರ ಕೆಂಪಗೆ ಉರಿಯುತ್ತಿರುವ ಹಾಗೆ ಕಂಡಿತು. ಬೆಂಕಿ ಬೆಂಕಿ ಅಂತ ಕೂಗಿದ. ಊರೆಲ್ಲ ಎದ್ದು ಸಾಲಾಗಿ ನಿಂತು, ಬಕೆಟ್ಟಿನಲ್ಲಿ ನೀರು ಕೈಯಿಂದ ಕೈಗೆ ದಾಟಿಸುತ್ತಾ ಮೆಟ್ಟಿಲು ಹತ್ತಿದರು. ಮೇಲೆ ಹೋಗುವಷ್ಟರಲ್ಲಿ ಮೋಡ ಸರಿಯಿತು. ಅದು ಬೆಂಕಿಯಲ್ಲ, ಮಂಜಿನ ಹಿಂದಿನ ಚಂದ್ರ. ಅವತ್ತಿನಿಂದ ಆ ಊರಿನವರಿಗೆ 'ಚಂದ್ರನ ಬೆಂಕಿ ಆರಿಸಿದವರು' ಅಂತ ಅಡ್ಡ ಹೆಸರು. ಅವರು ಬೇಜಾರು ಮಾಡಿಕೊಳ್ಳದೆ ಅದನ್ನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನಾನು 538 ಮೆಟ್ಟಿಲು ಹತ್ತಿ ಇಳಿದವನು, ಬಕೆಟ್ ಹೊತ್ತು ಹತ್ತಿದವರನ್ನು ನೋಡಿ ನಗಲಾರೆ.

ಕೇಳುವುದು

ಬೇಸಿಗೆಯ ಸೋಮವಾರದ ಕಛೇರಿ ರಾತ್ರಿ 8.30ಕ್ಕೆ ಶುರು, ಹೆಚ್ಚೂಕಡಿಮೆ ಒಂದು ಗಂಟೆ. ರಾತ್ರಿ ಅಂದರೂ ಜೂನ್ ಜುಲೈನಲ್ಲಿ ಅಲ್ಲಿ ಹತ್ತು ಗಂಟೆಯ ಹತ್ತಿರದವರೆಗೂ ಬೆಳಕು. ಟಿಕೆಟ್ ಇಲ್ಲ, ಬಿಟ್ಟಿ. ಈ ಸೋಮವಾರದ ಪದ್ಧತಿ ಶುರು ಮಾಡಿದವರು ಯೆಫ್ ಡೆನೈನ್, 1892ರಲ್ಲಿ. ಅಪ್ಪ ಅದೇ ಗೋಪುರದಲ್ಲಿ ಗಂಟೆ ನುಡಿಸುತ್ತಿದ್ದರು. ಅಪ್ಪನ ಕಣ್ಣು ಹೋದ ಮೇಲೆ ಮಗ ಆ ಬೆಂಚಿನ ಮೇಲೆ ಕೂತರು. ತಂತಿ, ಲಿವರ್‌ಗಳ ಏರ್ಪಾಟನ್ನು ಹಗುರ ಮಾಡಿ, ಗಂಟೆಯಲ್ಲೂ ಮೆಲುದನಿ ತೆಗೆಯಬಹುದು ಅಂತ ತೋರಿಸಿಕೊಟ್ಟರು. ಅದಕ್ಕೂ ಮೊದಲು ಗಂಟೆ ಸಂತೆಯ ಸದ್ದಿನ ಜೊತೆ ಕೇಳಿ ಬಿಡುವ ಸದ್ದಾಗಿತ್ತು. ಅವರು ಸಂಜೆ ನುಡಿಸಲು ಶುರು ಮಾಡಿದ ಮೇಲೆ ಜನ ಅದಕ್ಕಾಗಿಯೇ ರೈಲು ಹತ್ತಿ ಬರತೊಡಗಿದರು. 1922ರಲ್ಲಿ ಅದೇ ಊರಿನಲ್ಲಿ ಗಂಟೆ ನುಡಿಸುವುದನ್ನು ಕಲಿಸುವ ಶಾಲೆ ತೆರೆದರು. ಜಗತ್ತಿನಲ್ಲೇ ಮೊದಲನೆಯದು. ಈಗಲೂ ಹೊರದೇಶದವರು ಬಂದು ಕಲಿಯುತ್ತಾರೆ.

ಈಗ ಎಲ್ಲಿ ಕೂರಬೇಕು ಅನ್ನುವ ಮಾತು. ಮೊದಲ ಸೋಮವಾರ ನಾನು ಗೋಪುರದ ಬುಡದಲ್ಲಿ, ತಲೆ ಎತ್ತಿ, ಮೊಬೈಲ್ ಹಿಡಿದು ನಿಂತಿದ್ದೆ. ಹತ್ತಿರ ಇದ್ದಷ್ಟೂ ಚೆನ್ನಾಗಿ ಕೇಳುತ್ತದೆ ಅಂತ ಲೆಕ್ಕ. ಸ್ಟೀಲ್ ಪಾತ್ರೆ ಅಂಗಡಿಯ ಅಟ್ಟ ಮುರಿದು ಬಿದ್ದ ಹಾಗೆ ಕೇಳಿಸಿತು. ಒಂದರ ಮೇಲೊಂದು ಸದ್ದು, ನಡುವೆ ಚೌಕದ ಹೋಟೆಲಿನವರ ಕುರ್ಚಿ ಎಳೆಯುವ ಕರಕರ. ಹದಿನೈದು ನಿಮಿಷಕ್ಕೆ ಕುತ್ತಿಗೆ ನೋವು ಬಂದು ಹೊರಟುಬಿಟ್ಟೆ.

ಕಾರಣ ಆಮೇಲೆ ಯೋಚಿಸಿದೆ. ಹೊಡೆದ ಗಂಟೆಯನ್ನು ತಡೆದು ನಿಲ್ಲಿಸುವ ಏರ್ಪಾಟು ಕ್ಯಾರಿಲಾನ್‌ನಲ್ಲಿಲ್ಲ. ಹೊಡೆದ ಗಂಟೆ ತಾನಾಗಿ ಸುಮ್ಮನಾಗಬೇಕು. ದೊಡ್ಡದು ಬಹಳ ಹೊತ್ತು ಗುಂಯ್‌ಗುಡುತ್ತದೆ, ಸಣ್ಣದು ಬೇಗ ಆರುತ್ತದೆ. ಬುಡದಲ್ಲಿ ನಿಂತರೆ ಗೋಪುರದ ಕಲ್ಲೇ ಅಡ್ಡ ಬಂದು, ನೇರವಾಗಿ ಬರಬೇಕಾದ ಸದ್ದು ಬರುವುದಿಲ್ಲ. ಸುತ್ತಲಿನ ಗೋಡೆಗೆ ಬಡಿದು ಬಂದದ್ದೇ ಜಾಸ್ತಿ. ಸ್ವಲ್ಪ ದೂರ ಹೋದರೆ ಎಲ್ಲ ಗಂಟೆಯ ಸದ್ದೂ ಒಂದು ಹದಕ್ಕೆ ಬಂದು ಕೂಡುತ್ತದೆ. ಗುಡಿಯ ನಗಾರಿಯನ್ನು ಪಕ್ಕದಲ್ಲಿ ನಿಂತು ಕೇಳುವುದಕ್ಕೂ ಎರಡು ಓಣಿ ಆಚೆ ಕೇಳುವುದಕ್ಕೂ ಇರುವ ವ್ಯತ್ಯಾಸ.

ಹಾಗಾಗಿ ನೂರು, ಇನ್ನೂರು ಮೀಟರ್ ದೂರ ಹೋಗಿ. ಗಾಡಿ ಓಡಾಡದ ಜಾಗ ಇರಲಿ. ಗೋಪುರದ ತಲೆ ಕಣ್ಣಿಗೆ ಕಾಣುತ್ತಿರಲಿ. ಅದು ಕಂಡರೆ ಸದ್ದೂ ನೇರ ಬರುತ್ತದೆ ಅಂತ ಲೆಕ್ಕ. ಗಾಳಿ ಗೋಪುರದ ಕಡೆಯಿಂದ ನಿಮ್ಮ ಕಡೆ ಬೀಸುವ ಹಾಗೆ ಜಾಗ ಹಿಡಿಯಿರಿ. ಮೆಖೆಲೆನ್‌ನಲ್ಲಿ ಇದಕ್ಕೆ ಪರದಾಡಬೇಕಿಲ್ಲ. ಗೋಪುರಕ್ಕೆ ಹತ್ತಿರದ ಸಾಂಸ್ಕೃತಿಕ ಕೇಂದ್ರದ ಅಂಗಳದಲ್ಲಿ ಕೂತು ಕೇಳುತ್ತಾರೆ. ಸ್ವೆಟರ್ ತಪ್ಪಿಸಬೇಡಿ. ಛತ್ರಿಯೂ ಇರಲಿ. ಆದರೆ ಹನಿ ಬಿದ್ದ ಕೂಡಲೇ ಬಿಚ್ಚಬೇಡಿ, ಛತ್ರಿಯ ಮೇಲೆ ಮಳೆ ಬೀಳುವ ಸದ್ದು ಗಂಟೆಯನ್ನೇ ಮುಚ್ಚುತ್ತದೆ. ಟೋಪಿ ಇರುವ ಜಾಕೆಟ್ ವಾಸಿ.

ಇನ್ನೊಂದು ಅನುಭವದ ಮಾತು. ತಿನ್ನಲು ಗರಿಗರಿ ಸಾಮಾನು ಒಯ್ಯಬೇಡಿ. ನಮ್ಮನೆಯವಳು ಊರಿನಿಂದ ತಂದ ಮಂಡಕ್ಕಿಯಲ್ಲಿ ನರ್ಗೀಸ್ ಮಂಡಕ್ಕಿ ಮಾಡಿ ಡಬ್ಬಿಗೆ ಹಾಕಿದ್ದಳು. ದಾವಣಗೆರೆಯವರು ಮಂಡಕ್ಕಿ ಇಲ್ಲದೆ ಸಂಜೆ ಹೇಗೆ ಕಳೆಯುವುದು? ಎರಡನೇ ಹಾಡು ಮೆಲ್ಲಗೆ ಶುರುವಾಗಿತ್ತು. ನಾನು ಒಂದು ಹಿಡಿ ಬಾಯಿಗೆ ಹಾಕಿ ಕರುಂ ಅನ್ನಿಸಿದೆ. ಮುಂದಿನ ಸಾಲಿನ ಅಜ್ಜಿ ತಿರುಗಿ ನೋಡಿದರು. ಬೈಯಲಿಲ್ಲ, ಸುಮ್ನೆ ನೋಡಿದರು. ಡಬ್ಬಿ ಮುಚ್ಚಿದೆ. ಕಛೇರಿ ಮುಗಿದ ಮೇಲೆ ಅದೇ ಅಜ್ಜಿಗೆ ಕೊಟ್ಟೆವು. ಒಂದು ಕಾಳು ತಿಂದು ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಇನ್ನೊಂದು ಹಿಡಿ ತೆಗೆದುಕೊಂಡರು. ಶೇಂಗಾ ಹೋಳಿಗೆ ಒಯ್ಯಿರಿ, ಅದು ಸದ್ದು ಮಾಡುವುದಿಲ್ಲ.

ಮೊದಲ ಐದು ನಿಮಿಷ ನಿಮಗೆ ಏನೂ ಹಿಡಿಸದೇ ಇರಬಹುದು. ಎದ್ದು ಹೋಗಬೇಡಿ. ಕಿವಿ ಹೊಂದಿಕೊಳ್ಳಲು ಹೊತ್ತು ಬೇಕು. ಮೊದಲು ಕೆಳಸ್ವರದ ದೊಡ್ಡ ಗಂಟೆಗಳನ್ನು ಹಿಡಿಯಿರಿ, ಅವು ನಿಧಾನ. ಅದರ ಮೇಲೆ ಹಾಡು ಎಲ್ಲಿ ಓಡುತ್ತಿದೆ ಅಂತ ನೋಡಿ. ಒಂದೇ ಗಂಟೆಯನ್ನು ಬೇಗ ಬೇಗ ಹೊಡೆದು ನಡುಗಿಸುವುದು ಡೆನೈನ್ ಕಾಲದಿಂದ ಬಂದ ಮೆಖೆಲೆನ್ ಶೈಲಿ. ನನಗೆ ಒಂದು ಕಡೆ ಹಾಡು ನಿಂತೇಹೋದ ಹಾಗೆ ಅನ್ನಿಸಿತು. ಚಪ್ಪಾಳೆಗೆ ಕೈ ಎತ್ತಿದೆ. ನೋಡಿದರೆ ಸುತ್ತ ಎಲ್ಲರೂ ಮೇಲೆ ನೋಡುತ್ತಾ ಮುಗುಳ್ನಗುತ್ತಿದ್ದಾರೆ. ಹೆಂಡತಿ ನನ್ನ ಕೈ ಹಿಡಿದು ಕೆಳಗಿಳಿಸಿದಳು. ಎಲ್ಲಕ್ಕೂ ಸಣ್ಣ ಗಂಟೆಗಳು ನುಡಿಯುತ್ತಿದ್ದವು. ನನಗೊಬ್ಬನಿಗೆ ಅವು ಇರಲಿಲ್ಲ. ಸ್ವಲ್ಪ ಹೊತ್ತಿಗೆ ಕೆಳಗಿನ ಗಂಟೆ ಒಂದು ಬಿತ್ತು, ನಾನೂ ಮತ್ತೆ ಕೇಳತೊಡಗಿದೆ.

ರೆಕಾರ್ಡ್ ಮಾಡುವುದಾದರೆ ಒಂದೇ ಹಾಡು ಮಾಡಿ, ಉಳಿದದ್ದು ಕೇಳಿ. ನಾನು ಮಾಡಿದ್ದನ್ನು ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ ಗೆಳೆಯನಿಗೆ ಕಳಿಸಿದೆ. ಅವನು ಎರಡು ಸಲ ಕೇಳಿ, "ಸಂತೋಷದ ಹಾಡೇ ಬಾರಿಸ್ತಿದಾನೆ, ಆದರೂ ಅಳು ಯಾಕೆ ಇದೆಯೋ ಇದರಲ್ಲಿ? ಪ್ರತಿ ಗಂಟೆಯೊಳಗೂ ಕೋಮಲ ಗಾಂಧಾರ ತಾನಾಗೇ ಕೂತಿದೆಯಲ್ಲ" ಅಂದ. ಅವನ ಕಿವಿಗೆ ಶರಣು. ಕೋಮಲ ಗಾಂಧಾರ ಅಂದರೆ ಸ್ವಲ್ಪ ಇಳಿಸಿದ 'ಗ' ಸ್ವರ, ಆ ಅಳು ಅದರದ್ದೇ. ಗಂಟೆ ಹೊಡೆದಾಗ ಒಂದೇ ಸ್ವರ ಬರುವುದಿಲ್ಲ, ಐದಾರು ಸ್ವರ ಒಟ್ಟಿಗೆ ಬರುತ್ತವೆ. ಅದರಲ್ಲಿ ಒಂದು, ಗಂಟೆಯ ಆ ಆಕಾರದಿಂದಲೇ, ಕೋಮಲ ಗಾಂಧಾರದ ಜಾಗದಲ್ಲಿ ಬೀಳುತ್ತದೆ. ಲೇತಿಗೆ ಹಾಕಿ ಹೆರೆಯುವಾಗ ಅದನ್ನೂ ಸೇರಿಸಿಯೇ ಶ್ರುತಿ ಮಾಡುತ್ತಾರೆ.

ಮೆಖೆಲೆನ್ ಆಗದಿದ್ದರೆ

ಬ್ರೂಜ್ ಊರಿಗೆ ಪ್ರವಾಸಿಗಳೆಲ್ಲ ಹೋಗುತ್ತಾರೆ. ಅಲ್ಲಿಯ ಗೋಪುರ 83 ಮೀಟರ್, 366 ಮೆಟ್ಟಿಲು, 47 ಗಂಟೆ. ಚಂದವೇ, ಆದರೆ ಜನಜಂಗುಳಿ. ಲೂವೆನ್‌ನಲ್ಲಿ ವಿಶ್ವವಿದ್ಯಾಲಯದ ಲೈಬ್ರರಿ ಗೋಪುರದಲ್ಲಿ 63 ಗಂಟೆ ಇವೆ. ಆ ಲೈಬ್ರರಿ 1914ರಲ್ಲಿ ಒಮ್ಮೆ, 1940ರಲ್ಲಿ ಮತ್ತೊಮ್ಮೆ ಯುದ್ಧದಲ್ಲಿ ಸುಟ್ಟುಹೋಗಿ ಮತ್ತೆ ಎದ್ದದ್ದು. ಮಗಳ ಮನೆಯ ಬಾಲ್ಕನಿಗೆ ಅದರ ಗಂಟೆ ಕೇಳುತ್ತಿತ್ತು, ಬಟ್ಟೆ ಒಣಹಾಕುತ್ತಾ ಕೇಳುತ್ತಿದ್ದೆವು.

ನಮ್ಮೂರಿನ ಎಂಜಿನಿಯರಿಂಗ್ ಹುಡುಗರು ಬಹಳ ಜನ ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ಆ ಕಡೆ ಹೋಗುವವರಿಗೆ ಬರ್ಕ್ಲಿ ವಿಶ್ವವಿದ್ಯಾಲಯದ ಸೇಥರ್ ಗೋಪುರ ಇದೆ. 94 ಮೀಟರ್, 61 ಗಂಟೆ. ಅಲ್ಲಿ ಲಿಫ್ಟ್ ಉಂಟು, ಆಮೇಲೆ 38 ಮೆಟ್ಟಿಲು ಅಷ್ಟೇ. ಮೊಣಕಾಲಿನವರು ಅಲ್ಲಿಗೇ ಹೋಗಿ. ಇನ್ನು ಮುಂಬೈನಲ್ಲಿ ರಾಜಾಬಾಯಿ ಗೋಪುರ. 1878ರದ್ದು, ಹತ್ತಿ ವ್ಯಾಪಾರದಲ್ಲಿ ದುಡ್ಡು ಮಾಡಿದ ಪ್ರೇಮಚಂದ ರಾಯಚಂದರು ತಾಯಿಯ ಹೆಸರಿನಲ್ಲಿ ಕಟ್ಟಿಸಿದ್ದು. ಅದರ ಗಂಟೆಗಳೂ ಒಂದು ಕಾಲಕ್ಕೆ ಹಾಡು ನುಡಿಸುತ್ತಿದ್ದವು. ಹೊರಗಿನಿಂದ ನೋಡಬೇಕಷ್ಟೇ. ಹತ್ತಿಯ ದುಡ್ಡು ಗಂಟೆಗೂ ಹೋಗಿತ್ತು ಅಂತ ತಿಳಿದು ನನಗೆ ಯಾಕೋ ಖುಷಿಯಾಯಿತು.

ಕಛೇರಿ ಮುಗಿದ ಮೇಲೆ

ಮೇಲೆ ಕೂತು ನುಡಿಸಿದವರಿಗೆ ಕೆಳಗಿನ ಚಪ್ಪಾಳೆ ಸರಿಯಾಗಿ ಕೇಳಿಸುವುದಿಲ್ಲ. ಅವರು ನಮ್ಮನ್ನು ನೋಡುವುದೂ ಇಲ್ಲ, ನಾವು ಅವರನ್ನು ನೋಡುವುದೂ ಇಲ್ಲ. ಅದಕ್ಕೆ ಕೂಡಲೇ ಎದ್ದು ಓಡಬೇಡಿ. ಅಷ್ಟು ಮೆಟ್ಟಿಲು ಇಳಿದು ಬರಲು ಅವರಿಗೂ ಹೊತ್ತು ಹಿಡಿಯುತ್ತದೆ. ಬಾಗಿಲ ಹತ್ತಿರ ಕಾದು, ಬಂದಾಗ ಚಪ್ಪಾಳೆ ಹೊಡೆಯಿರಿ.

ಅವತ್ತು ಇಳಿದು ಬಂದವರು ನಲವತ್ತು ದಾಟಿದ ಒಬ್ಬ ಹೆಂಗಸು. ಬೆವರಿದ್ದರು, ಚಳಿಯಲ್ಲೂ ತೋಳು ಮಡಚಿದ್ದರು. ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ತಂತಿಯ ಸ್ಕ್ರೂ ತಿರುಗಿಸುವ ಹಾಗೆ ಕೈಯಲ್ಲಿ ತೋರಿಸಿ, ಇವತ್ತು ಎಷ್ಟು ತಿರುಗಿಸಿದಿರಿ ಅಂತ ಸನ್ನೆ ಮಾಡಿದೆ. ಅವರಿಗೆ ಅರ್ಥವಾಗಿ ಜೋರಾಗಿ ನಕ್ಕರು. ಬಹಳ, ಬಿಸಿಲಿತ್ತಲ್ಲ ಅಂತ ಹೇಳಿದ್ದನ್ನು ಅಳಿಯ ಕನ್ನಡದಲ್ಲಿ ಹೇಳಿದ. ಆಮೇಲೆ ಕಿರುಬೆರಳಿನ ಪಕ್ಕದ ಚರ್ಮ ತೋರಿಸಿದರು, ಗಟ್ಟಿಯಾಗಿ ಜಡ್ಡುಗಟ್ಟಿತ್ತು. ನಾನು ಸ್ಪ್ಯಾನರ್ ಹಿಡಿದು ಹಿಡಿದು ಅಂಗೈಯಲ್ಲಾದ ಜಡ್ಡು ತೋರಿಸಿದೆ.

ಈ ಮಾತುಕತೆಯಲ್ಲಿ ಲೂವೆನ್‌ನ ಒಂದು ರೈಲು ತಪ್ಪಿತು. ರಾತ್ರಿ ರೈಲು ಕಡಿಮೆ, ಮುಂದಿನದಕ್ಕೆ ಪ್ಲಾಟ್‌ಫಾರ್ಮಿನಲ್ಲಿ ಚಳಿಯಲ್ಲಿ ಕೂರಬೇಕಾಯಿತು. ಕೊನೆಯ ರೈಲಿನ ಹೊತ್ತು ಮೊದಲೇ ಬರೆದಿಟ್ಟುಕೊಳ್ಳಿ. ಡಬ್ಬಿಯಲ್ಲಿ ಸ್ವಲ್ಪ ಮಂಡಕ್ಕಿ ಉಳಿಸಿಕೊಂಡಿದ್ದರೆ ಅದು ಆಗ ಉಪಯೋಗಕ್ಕೆ ಬರುತ್ತದೆ.